ಊದುವ ಮೊದಲು ಕಟ್ಟಿಗೆ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹೋದ ತಿಂಗಳು ಇಲ್ಲಿ ಟೆರೇಸ್ ತೋಟದ ಬಗ್ಗೆ ಎಷ್ಟು ಚೆಂದದ ಮಾತಾಯಿತು! ಈ ಸಲ ನನ್ನ ಸರದಿ ಎಂದಾಗ ಕಾರ್ಯದರ್ಶಿಯವರು, "ನಿನ್ನ ಕೆಲಸದ ಬಗ್ಗೆ ಹೇಳಮ್ಮ, ಆದರೆ ನಮಗೂ ತಿಳಿಯೋ ಹಾಗೆ ಹೇಳು" ಅಂದರು. ಹಾಗಾಗಿ ಇವತ್ತು ಕಾರಿನ ಎಂಜಿನ್ ಬಗ್ಗೆ ಮಾತಾಡುತ್ತೇನೆ. ಎದ್ದು ಹೋಗಬೇಡಿ, ಚಹಾ ಬರುವುದು ನನ್ನ ಮಾತು ಮುಗಿದ ಮೇಲೆ.

ನಾನು ಎಂಟೆಕ್ ಮುಗಿಸಿ ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಹೊರಗಿನವರಿಗೆ ಐಟಿ ಅನ್ನುತ್ತೇನೆ. ನಿಜವಾಗಿ ನಮ್ಮ ತಂಡದ ಕೆಲಸ ಎಂದರೆ, ಕಾರಿನ ಎಂಜಿನ್‌ಗೆ ಯಾವಾಗ ಎಷ್ಟು ಪೆಟ್ರೋಲ್ ಹೋಗಬೇಕು ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುವುದು, ಪರೀಕ್ಷಿಸುವುದು. ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ನಾನು ಒಂದು ತಪ್ಪು ಮಾಡಿದೆ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಹೆಬ್ಬೆರಳು ಕಳಿಸಿದೆ. ಇವತ್ತಿನ ಮಾತಿಗೆ ಆ ಹೆಬ್ಬೆರಳೇ ಕಾರಣ.

ನನ್ನ ಕಾಕಾನ ಮಗನಿಗೆ ಇಪ್ಪತ್ಮೂರು ವರ್ಷ. ಅವನಿಗೆ ಕಾರಿನ ಹುಚ್ಚು. 2001ರಲ್ಲಿ ಬಂದ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಸಿನಿಮಾವನ್ನು, ಅದರ ಮುಂದಿನ ಭಾಗಗಳನ್ನು ಎಷ್ಟು ಸಲ ನೋಡಿದ್ದಾನೋ ಅವನಿಗೇ ಗೊತ್ತಿಲ್ಲ. ಅದರಲ್ಲಿ ಹೀರೋ ಒಂದು ಬಟನ್ ಒತ್ತುತ್ತಾನೆ, ಕಾರು ಬಾಣದಂತೆ ಹಾರುತ್ತದೆ. ಆ ಬಟನ್ನಿನ ಹಿಂದೆ ಇರುವುದು ನೈಟ್ರಸ್ ಆಕ್ಸೈಡ್ ಎಂಬ ಅನಿಲ. ಹುಡುಗರು ಅದನ್ನು ‘ನಾಸ್’ ಅನ್ನುತ್ತಾರೆ. ಅದು ಅಮೆರಿಕದ ಒಂದು ಕಿಟ್ ಬ್ರ್ಯಾಂಡಿನ ಹೆಸರು, ನಾವು ಎಲ್ಲ ವನಸ್ಪತಿಯನ್ನೂ ಡಾಲ್ಡಾ ಅನ್ನುವ ಹಾಗೆ.

ಈ ಅನಿಲ ನಿಮಗೆ ಹೊಸದಲ್ಲ. 1799ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಇದನ್ನು ತಾನೇ ಉಸಿರಾಡಿ ನೋಡಿದ. ನಗು ತರಿಸುತ್ತದೆ ಎಂದು ಇದಕ್ಕೆ ನಗೆ ಅನಿಲ ಎಂಬ ಹೆಸರು ಬಂತು. ದಂತವೈದ್ಯರು ಹಲ್ಲು ಕೀಳುವಾಗ ಕೊಟ್ಟರು. ಕೆಲವು ಆಸ್ಪತ್ರೆಗಳಲ್ಲಿ ಹೆರಿಗೆ ನೋವಿಗೆ ಎಂಟೊನಾಕ್ಸ್ ಎಂದು ಮಾಸ್ಕ್ ಹಿಡಿಸುತ್ತಾರಲ್ಲ, ಅದರಲ್ಲಿ ಅರ್ಧ ಆಕ್ಸಿಜನ್, ಇನ್ನರ್ಧ ಇದೇ ನೈಟ್ರಸ್. ಅಂದರೆ ಈ ಸಭೆಯಲ್ಲಿ ಕೆಲವರಾದರೂ ಹೀರೋಗಿಂತ ಮೊದಲೇ ನೈಟ್ರಸ್ ಬಳಸಿದವರು!

ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಇದನ್ನು ವಿಮಾನದ ಎಂಜಿನ್‌ಗೆ ಹಾಕಿದರು. ತುಂಬ ಎತ್ತರದಲ್ಲಿ ಗಾಳಿ ತೆಳುವಾಗಿರುತ್ತದೆ, ಎಂಜಿನ್‌ಗೆ ಉಸಿರು ಸಾಲುವುದಿಲ್ಲ. ಆಗ ನೈಟ್ರಸ್ ಊದಿ ಆ ಕೊರತೆ ತುಂಬಿಸುತ್ತಿದ್ದರು. ಆ ವ್ಯವಸ್ಥೆಗೆ ಜಿಎಂ-1 ಎಂದು ಹೆಸರಿತ್ತು. ಯುದ್ಧ ಮುಗಿದ ಮೇಲೆ ಅಮೆರಿಕದ ಡ್ರ್ಯಾಗ್ ರೇಸಿನವರು ಇದನ್ನು ಕಾರಿಗೆ ತಂದರು.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಿನಿಮಾ ನೋಡಿದವರೆಲ್ಲ ನೈಟ್ರಸ್ ಒಂದು ಭಾರಿ ಇಂಧನ ಎಂದುಕೊಳ್ಳುತ್ತಾರೆ. ಅದು ತಪ್ಪು. ನೈಟ್ರಸ್ ಪೆಟ್ರೋಲಿನಂತೆ ಉರಿಯುವ ವಸ್ತುವಲ್ಲ. ಅದರ ಒಂದು ಅಣುವಿನಲ್ಲಿ ಎರಡು ನೈಟ್ರೋಜನ್, ಒಂದು ಆಕ್ಸಿಜನ್ ಇರುತ್ತವೆ. ಎಂಜಿನ್ನಿನ ಬಿಸಿಗೆ ಅದು ಒಡೆದು ಆಕ್ಸಿಜನ್ ಬಿಟ್ಟುಕೊಡುತ್ತದೆ. ನಾವು ಉಸಿರಾಡುವ ಗಾಳಿಯ ತೂಕದಲ್ಲಿ ಆಕ್ಸಿಜನ್ ಪಾಲು ಸುಮಾರು 23 ಶೇಕಡಾ. ನೈಟ್ರಸ್‌ನಲ್ಲಿ ಅದು 36 ಶೇಕಡಾ. ಬಾಟಲಿಯಿಂದ ದ್ರವವಾಗಿ ಹೊರಬಂದು ಕೂಡಲೇ ಆವಿಯಾಗುವಾಗ ಸುತ್ತಲಿನ ಗಾಳಿಯನ್ನೂ ತಣ್ಣಗೆ ಮಾಡುತ್ತದೆ, ಹಾಗಾಗಿ ಒಳಗೆ ಇನ್ನಷ್ಟು ಗಾಳಿ ಹಿಡಿಯುತ್ತದೆ. ಆದರೆ ಶಕ್ತಿ ಬರುವುದು ಪೆಟ್ರೋಲಿನಿಂದಲೇ. ನೈಟ್ರಸ್ ಮಾಡುವುದು ಒಂದೇ ಕೆಲಸ, ಅಷ್ಟೇ ಜಾಗದಲ್ಲಿ ಹೆಚ್ಚು ಪೆಟ್ರೋಲ್ ಉರಿಯುವಂತೆ ಮಾಡುವುದು.

ನಮ್ಮ ಅಜ್ಜಿಯ ಮನೆ ಧಾರವಾಡದ ಹತ್ತಿರ. ಅಲ್ಲಿ ಕಟ್ಟಿಗೆ ಒಲೆ ಇತ್ತು. ರಜೆಗೆ ಹೋದಾಗ ಊದುಗೊಳವೆ ಹಿಡಿಯಲು ನಮ್ಮಲ್ಲಿ ಜಗಳ. ಗಲ್ಲ ಉಬ್ಬಿಸಿ ಊದಿದ್ದೇ ಊದಿದ್ದು. ಆಗ ಅಜ್ಜಿ, "ಬರೇ ಊದಿದ್ರ ಬೂದಿ ಕಣ್ಣಿಗೆ ಬರ್ತದ, ಮದಲ ಕಟಿಗಿ ಮುಂದ ಸರಸು" ಅನ್ನುತ್ತಿದ್ದರು. ನೈಟ್ರಸ್ ಎಂದರೆ ಊದುಗೊಳವೆ, ಪೆಟ್ರೋಲ್ ಎಂದರೆ ಕಟ್ಟಿಗೆ. ಊದುವವರು ಸಾವಿರ ಜನ ಸಿಗುತ್ತಾರೆ. ಕಟ್ಟಿಗೆ ಸರಿಸುವವರು ಯಾರು ಎನ್ನುವುದೇ ಪ್ರಶ್ನೆ.

ಸಾಮಾನ್ಯ ಕಾರಿನಲ್ಲಿ ಆ ಕೆಲಸ ಮಾಡುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಒಳಗೆ ಎಷ್ಟು ಗಾಳಿ ಬರುತ್ತಿದೆ ಎಂದು ಸೆನ್ಸರ್ ಹೇಳುತ್ತದೆ. ಪೂರ್ತಿ ಉರಿಯಲು ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಬೇಕೆಂದೇ ಪೆಟ್ರೋಲನ್ನು ಸ್ವಲ್ಪ ಹೆಚ್ಚು ಕೊಡುತ್ತೇವೆ, ಅದು ಒಳಗಿನ ಬಿಸಿಯನ್ನು ಹಿಡಿತದಲ್ಲಿ ಇಡುತ್ತದೆ. ಇಸಿಯು ಈ ಲೆಕ್ಕ ಹಾಕಿ, ಇಂಜೆಕ್ಟರ್ ಎಂಬ ಸಣ್ಣ ನಲ್ಲಿಯನ್ನು ಇಷ್ಟು ಮಿಲಿಸೆಕೆಂಡ್ ತೆರೆ ಎಂದು ಹೇಳುತ್ತದೆ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನ ಸರದಿ 20 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ. ನೀವು ಒಮ್ಮೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ಈ ಲೆಕ್ಕ ಐದಾರು ಸಲವಾದರೂ ಮುಗಿದಿರುತ್ತದೆ. ನಮ್ಮ ಮನೆಯ ಅನ್ನ ಬರುವುದು ಈ ಲೆಕ್ಕದಿಂದ!

ಇಲ್ಲಿ ನೈಟ್ರಸ್ ಬಂದರೆ ಏನಾಗುತ್ತದೆ? ಮದುವೆ ಮನೆಯನ್ನು ನೆನಪು ಮಾಡಿಕೊಳ್ಳಿ. ಅಡುಗೆಯವರು ಮುಂಬಾಗಿಲಲ್ಲಿ ತಲೆ ಎಣಿಸಿ ಅನ್ನಕ್ಕೆ ಇಟ್ಟಿದ್ದಾರೆ. ಹಿತ್ತಲ ಬಾಗಿಲಿಂದ ಐವತ್ತು ಜನ ಬಂದು ಪಂಕ್ತಿಯಲ್ಲಿ ಕೂತುಬಿಟ್ಟರೆ? ಸೆನ್ಸರ್ ಮುಂಬಾಗಿಲಿನ ಗಾಳಿಯನ್ನು ಎಣಿಸುತ್ತದೆ. ನೈಟ್ರಸ್ ಬೇರೆ ಪೈಪಿನಿಂದ ಬರುವ ಕಾರಣ ಇಸಿಯುಗೆ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಈಗ ಬರುವ ಎಷ್ಟೋ ಕಾರುಗಳಲ್ಲಿ ಟರ್ಬೊ ಇದೆ, ಅದೂ ಊದುಗೊಳವೆಯೇ. ಆದರೆ ಟರ್ಬೊ ಊದುವ ಗಾಳಿ ಸೆನ್ಸರ್ ದಾಟಿಯೇ ಬರುತ್ತದೆ, ಕಂಪನಿಯವರು ಅದಕ್ಕೆ ತಕ್ಕ ಪೆಟ್ರೋಲಿನ ವ್ಯವಸ್ಥೆಯನ್ನೂ ಮಾಡಿರುತ್ತಾರೆ. ನೈಟ್ರಸ್ ಕಿಟ್‌ನಲ್ಲಿ ಆ ವ್ಯವಸ್ಥೆಯನ್ನು ನಾವೇ ಮಾಡಬೇಕು.

ಅದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು ‘ಡ್ರೈ’ ಅಂದರೆ ಒಣ ವ್ಯವಸ್ಥೆ. ಹೊರಗಿನಿಂದ ನೈಟ್ರಸ್ ಮಾತ್ರ ಬರುತ್ತದೆ. ಹೆಚ್ಚುವರಿ ಪೆಟ್ರೋಲನ್ನು ಕಾರಿನದೇ ಇಂಜೆಕ್ಟರ್‌ಗಳು ಕೊಡಬೇಕು. ಹಿಂದೆ ಇದಕ್ಕಾಗಿ ಪೆಟ್ರೋಲ್ ಪೈಪಿನ ಒತ್ತಡ ಏರಿಸುತ್ತಿದ್ದರು. ಆದರೆ ಒತ್ತಡ ಎರಡು ಪಟ್ಟಾದರೆ ಪೆಟ್ರೋಲ್ ಎರಡು ಪಟ್ಟು ಬರುವುದಿಲ್ಲ, ಸುಮಾರು 40 ಶೇಕಡಾ ಮಾತ್ರ ಹೆಚ್ಚುತ್ತದೆ. ಈಗ ಇಸಿಯುವಿಗೇ ವಿಷಯ ತಿಳಿಸಿ, ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆಸುತ್ತಾರೆ. ಅದಕ್ಕೂ ಮಿತಿ ಇದೆ. ಇರುವ 20 ಮಿಲಿಸೆಕೆಂಡಿನಲ್ಲಿ ಆಗಲೇ 16 ತೆರೆದಿದ್ದರೆ ಉಳಿದದ್ದು ನಾಲ್ಕೇ.

ಎರಡನೆಯದು ‘ವೆಟ್’, ಅಂದರೆ ಒದ್ದೆ ವ್ಯವಸ್ಥೆ. ಇದರಲ್ಲಿ ನೈಟ್ರಸ್‌ಗೆ ಒಂದು, ಪೆಟ್ರೋಲಿಗೆ ಒಂದು, ಹೀಗೆ ಎರಡು ವಿದ್ಯುತ್ ಕವಾಟಗಳು. ಬಟನ್ ಒತ್ತಿದಾಗ ಎರಡೂ ಒಟ್ಟಿಗೆ ತೆರೆದುಕೊಂಡು ಒಂದೇ ನಾಝಲ್‌ನಲ್ಲಿ ಬೆರೆತು ಒಳಗೆ ಸಿಂಪಡಿಸುತ್ತವೆ. ಎಷ್ಟು ಬರಬೇಕು ಎನ್ನುವುದನ್ನು ‘ಜೆಟ್’ ಎಂಬ ಹಿತ್ತಾಳೆಯ ಪುಟ್ಟ ತುಂಡುಗಳು ನಿರ್ಧರಿಸುತ್ತವೆ. ನಡುವೆ ಸೂಜಿಯಷ್ಟು ತೂತು. ಹೆಚ್ಚು ಶಕ್ತಿ ಬೇಕಾದರೆ ದೊಡ್ಡ ತೂತಿನ ಜೋಡಿ ಹಾಕುತ್ತಾರೆ. ಇದರ ತೊಂದರೆ ಎಂದರೆ, ಗಾಳಿಗೆಂದು ಮಾಡಿದ ಪೈಪಿನಲ್ಲಿ ಪೆಟ್ರೋಲ್ ಹನಿಗಳು ತಿರುವಿನಲ್ಲಿ ಕೆಳಗೆ ನಿಂತುಬಿಡಬಹುದು. ಆಗ ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ನಿಂತ ಪೆಟ್ರೋಲಿಗೆ ಕಿಡಿ ತಾಗಿದರೆ ಪೈಪಿನಲ್ಲೇ ಸ್ಫೋಟ.

ಮೂರನೆಯದು ಪ್ರತಿ ಸಿಲಿಂಡರಿಗೂ ಬೇರೆ ಬೇರೆ ನಾಝಲ್ ಕೊಡುವುದು. ಎಲ್ಲರ ಎಲೆಗೂ ಅಳೆದು ಬಡಿಸಿದ ಹಾಗೆ. ಖರ್ಚು ಹೆಚ್ಚು, ದೊಡ್ಡ ರೇಸಿನವರು ಮಾಡುತ್ತಾರೆ.

ಯಾವ ದಾರಿಯಾದರೂ ಲೆಕ್ಕ ಒಂದೇ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 9.6 ಕಿಲೋ ನೈಟ್ರಸ್ ಸಾಕು, ಗಾಳಿಯಾದರೆ 14.7 ಬೇಕಿತ್ತು. ಕಿಟ್ ಮಾಡುವವರು ಇದಕ್ಕಿಂತಲೂ ಹೆಚ್ಚು ಪೆಟ್ರೋಲ್ ಹೋಗುವ ಹಾಗೆ ಜೆಟ್ ಕೊಡುತ್ತಾರೆ, ಎಂಜಿನ್ ಸುರಕ್ಷಿತವಾಗಿರಲಿ ಎಂದು.

ನಮ್ಮ ಹುಡುಗ ತಂದದ್ದು ಎರಡನೆಯ ಬಗೆಯ ಕಿಟ್. 50 ಅಶ್ವಶಕ್ತಿ ಹೆಚ್ಚಿಸುವ ಜೆಟ್‌ಗಳು. ಹಾಕಿಸಿದ್ದು ಕಾಕು ಅವರ ಕಾರಿಗೆ. ಕಾಕಾ ನಿವೃತ್ತರಾದಾಗ ಬಂದ ಹಣದಲ್ಲಿ ತೆಗೆದುಕೊಂಡ ಸಣ್ಣ ಕಾರು ಅದು, ಎಂಟು ವರ್ಷ ಹಳೆಯದು. ಕಾಕಾ ಈಗ ಇಲ್ಲ. ಕಾಕು ಅದರಲ್ಲಿ ಗುಡಿಗೆ, ದವಾಖಾನೆಗೆ, ನಮ್ಮ ಸಂಘದ ಕಾರ್ಯಕ್ರಮಕ್ಕೆ ಬರುತ್ತಿದ್ದರು. ಮಗ ಅದಕ್ಕೆ ಏನು ಹಾಕಿಸಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ.

ಅವತ್ತು ನಮ್ಮ ಆಫೀಸಿನಲ್ಲಿ ರಿಲೀಸ್ ದಿನ. ನಾನು ಮೀಟಿಂಗ್‌ನಲ್ಲಿದ್ದೆ. ಅವನಿಂದ ಎರಡು ಜೆಟ್‌ಗಳ ಫೋಟೊ ಬಂತು. ಕೆಳಗೆ, "ಅಕ್ಕಾ, ಇದು ಬರೋಬ್ಬರಿ ಅದ ಅಲ್ಲ?" ಎಂಬ ಪ್ರಶ್ನೆ. ನಾನು ಮೇಜಿನ ಕೆಳಗೆ ಫೋನ್ ಹಿಡಿದು ಜೆಟ್ ಮೇಲಿನ ನಂಬರ್ ನೋಡಿದೆ. ಮನಸ್ಸಿನಲ್ಲೇ ಅನುಪಾತ ಹಾಕಿದೆ. ಲೆಕ್ಕ ಸರಿ ಇತ್ತು. ಹೆಬ್ಬೆರಳು ಕಳಿಸಿದೆ.

ಆ ಜೆಟ್‌ಗಳ ಲೆಕ್ಕ ಸರಿಯೇ ಇತ್ತು, ಇವತ್ತೂ ಹಾಗೆಯೇ ಹೇಳುತ್ತೇನೆ. ಆದರೆ ಆ ಲೆಕ್ಕ ಎರಡು ಷರತ್ತುಗಳ ಮೇಲೆ ನಿಂತಿರುತ್ತದೆ. ಬಾಟಲಿಯ ಒತ್ತಡ ಇಷ್ಟಿರಬೇಕು, ಪೆಟ್ರೋಲಿನ ಒತ್ತಡ ಇಷ್ಟಿರಬೇಕು. ಎರಡನ್ನೂ ನಾನು ಕೇಳಲೇ ಇಲ್ಲ.

ಪೆಟ್ರೋಲಿನ ಕಡೆ ನೋಡಿ. 80 ಅಶ್ವಶಕ್ತಿಯ ಎಂಜಿನ್ ಪೂರ್ತಿ ಓಡುವಾಗ ನಿಮಿಷಕ್ಕೆ ಅಂದಾಜು 400 ಮಿಲಿಲೀಟರ್ ಪೆಟ್ರೋಲ್ ಕುಡಿಯುತ್ತದೆ. ಇನ್ನೂ 50 ಅಶ್ವಶಕ್ತಿ ಬೇಕೆಂದರೆ ಮತ್ತೆ 250 ಮಿಲಿಲೀಟರ್ ಬೇಕು. ಟ್ಯಾಂಕಿನೊಳಗಿನ ಪಂಪ್ ಮಾತ್ರ ಅದೇ ಹಳೆಯದು. ಎಂಟು ವರ್ಷದಲ್ಲಿ ಅದರ ಫಿಲ್ಟರ್ ಒಮ್ಮೆಯೂ ಬದಲಾಗಿರಲಿಲ್ಲ. ಅಂಗಡಿಗೆ ಹೋಗಿ ಬರುವ ಕಾರಿಗೆ ಅಷ್ಟು ಸಾಕಾಗಿತ್ತು.

ಬಾಟಲಿಯ ಕಡೆ ನೋಡಿ. ನೈಟ್ರಸ್ ಒಳಗೆ ದ್ರವವಾಗಿರುತ್ತದೆ, ಅದರ ಒತ್ತಡ ಬಿಸಿಲಿಗೆ ತಕ್ಕಂತೆ ಏರುತ್ತದೆ. 20 ಡಿಗ್ರಿಯಲ್ಲಿ ಸುಮಾರು 50 ಬಾರ್ ಇರುವುದು 36 ಡಿಗ್ರಿ ಮುಟ್ಟುವಾಗ 70 ದಾಟುತ್ತದೆ. ನಮ್ಮ ಪುಣೆಯ ಏಪ್ರಿಲ್, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಟಲಿಯ ಒತ್ತಡ ಮಿತಿ ಮೀರಿದರೆ ಊದುವುದು ಹೆಚ್ಚುತ್ತದೆ, ಪಂಪ್ ದಣಿದರೆ ಕಟ್ಟಿಗೆ ಕಡಿಮೆಯಾಗುತ್ತದೆ. ಎರಡೂ ಒಂದೇ ದಿನ ಆಯಿತು.

ಒಂದು ಏರ್‌ಸ್ಟ್ರಿಪ್ ಮೇಲೆ ಡ್ರ್ಯಾಗ್ ರೇಸ್ ಇತ್ತು. ಎರಡು ಓಟ ಚೆನ್ನಾಗಿಯೇ ಆಯಿತು. ಮೂರನೆಯದರಲ್ಲಿ, ಗುರಿ ಇನ್ನೂ ಸ್ವಲ್ಪ ದೂರ ಇರುವಾಗ, ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು, ನೀಲಿ ಹೊಗೆ. ನನಗೆ ಫೋನ್ ಬಂತು. "ಅಕ್ಕಾ, ಗಾಡಿ ಬಂದ್ ಬಿತ್ತು." ದನಿ ನಡುಗುತ್ತಿತ್ತು. ಅವನಿಗೆ ಏನೂ ಆಗಿರಲಿಲ್ಲ, ದೇವರು ದೊಡ್ಡವನು. ಇದೇ ಹೆದ್ದಾರಿಯಲ್ಲಿ ಆಗಿದ್ದರೆ ಎಂದು ಯೋಚಿಸಲು ನನಗೆ ಈಗಲೂ ಧೈರ್ಯವಿಲ್ಲ.

ಎಂಜಿನ್ ಬಿಚ್ಚಿದಾಗ ನಾನೂ ಹೋಗಿ ನೋಡಿದೆ. ಮೂರನೆಯ ಪಿಸ್ಟನ್ನಿನ ಅಂಚು ಬೆಲ್ಲ ಕರಗಿದ ಹಾಗೆ ಕರಗಿತ್ತು. ಸ್ಪಾರ್ಕ್ ಪ್ಲಗ್ಗಿನ ತುದಿ ಇರಲೇ ಇಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಕತ್ತರಿಸುವವರು ಬೆಂಕಿ ಹಚ್ಚಿ, ಕಬ್ಬಿಣ ಕೆಂಪಾದ ಮೇಲೆ ಆಕ್ಸಿಜನ್ ಜೋರು ಮಾಡುವುದನ್ನು ನೋಡಿದ್ದೀರಾ? ಆಗ ಕಬ್ಬಿಣವೇ ಉರಿದು ಹೋಗುತ್ತದೆ. ಅಜ್ಜಿಯ ಒಲೆಯಲ್ಲಿ ಕಟ್ಟಿಗೆ ಕಡಿಮೆಯಾದರೆ ಬೂದಿ ಮಾತ್ರ ಹಾರುತ್ತಿತ್ತು. ಎಂಜಿನ್ನಿನಲ್ಲಿ ಪೆಟ್ರೋಲ್ ಕಡಿಮೆಯಾಗಿ ಆಕ್ಸಿಜನ್ ಹೆಚ್ಚಾದರೆ, ಉರಿ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ, ಬಿಸಿ ಏರುತ್ತದೆ, ಅಲ್ಯೂಮಿನಿಯಮ್ ಪಿಸ್ಟನ್ ತಾಳುವುದಿಲ್ಲ.

ಪಂಪಿನಿಂದ ಬರುವ ಒಂದೇ ಪೈಪಿನಿಂದ ಕಿಟ್ಟಿಗೂ ಕಾರಿನ ಇಂಜೆಕ್ಟರ್‌ಗಳಿಗೂ ಪೆಟ್ರೋಲ್ ಹೋಗುತ್ತಿತ್ತು. ಒತ್ತಡ ಕುಸಿದಾಗ ಇಬ್ಬರ ಪಾಲೂ ಕಡಿಮೆಯಾಯಿತು. ಆ ಕಾರಿನಲ್ಲಿ ಪೆಟ್ರೋಲಿನ ಒತ್ತಡ ಅಳೆಯುವ ಸೆನ್ಸರ್ ಇಲ್ಲ. ಒತ್ತಡ ಸರಿಯಾಗಿದೆ ಎಂದು ನಂಬಿಯೇ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಅಂಥದೇ ನಂಬಿಕೆಯ ಮೇಲೆ ಹೆಬ್ಬೆರಳು ಕಳಿಸಿದವಳು ನಾನು.

ಹತ್ತು ಸೆಕೆಂಡಿನ ಓಟಕ್ಕೆ ಬೇಕಾದ ಹೆಚ್ಚುವರಿ ಪೆಟ್ರೋಲ್ ಎಷ್ಟು ಎಂದು ಆಮೇಲೆ ಲೆಕ್ಕ ಹಾಕಿದೆ. ಸುಮಾರು 40 ಮಿಲಿಲೀಟರ್. ಅರ್ಧ ಲೋಟ ಕಾಫಿಯೂ ಅಲ್ಲ. ಅದರಲ್ಲಿ ಒಂದಿಷ್ಟು ಬಾರದೇ ಹೋದದ್ದಕ್ಕೆ ಎಂಜಿನ್ ಹೋಯಿತು.

ಇದನ್ನು ತಡೆಯಲು ಆಗುತ್ತಿತ್ತೇ? ಆಗುತ್ತಿತ್ತು. ಸರಿಯಾಗಿ ಜೋಡಿಸಿದ ನೈಟ್ರಸ್ ವ್ಯವಸ್ಥೆಯಲ್ಲಿ ನಾಲ್ಕು ಕಾವಲುಗಾರರಿರುತ್ತಾರೆ. ಮೊದಲನೆಯದು ಮುಖ್ಯ ಸ್ವಿಚ್. ಎರಡನೆಯದು, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಬಿಡುವ ಸ್ವಿಚ್. ಮೂರನೆಯದು ಎಂಜಿನ್ ವೇಗ ಒಂದು ಮಿತಿಯ ಒಳಗಿದ್ದಾಗ ಮಾತ್ರ ಬಿಡುತ್ತದೆ. ಏಕೆಂದರೆ ವೇಗ ಮಿತಿಮೀರಿದಾಗ ಇಸಿಯು ಪೆಟ್ರೋಲ್ ನಿಲ್ಲಿಸಿಬಿಡುತ್ತದೆ, ಆಗ ಊದುವುದೂ ನಿಲ್ಲಬೇಕು. ನಾಲ್ಕನೆಯದು ಪೆಟ್ರೋಲಿನ ಒತ್ತಡ ನೋಡುವ ಸ್ವಿಚ್. ಒತ್ತಡ ಇಳಿದ ಕ್ಷಣದಲ್ಲೇ ನೈಟ್ರಸ್ ಬಂದ್ ಮಾಡುತ್ತದೆ. ಅಜ್ಜಿ ಮಾಡುತ್ತಿದ್ದ ಕೆಲಸ ಅದೇ. ಕಟ್ಟಿಗೆ ಇಲ್ಲದಿದ್ದರೆ ನಮ್ಮ ಕೈಯಿಂದ ಊದುಗೊಳವೆ ಕಿತ್ತುಕೊಳ್ಳುವುದು.

ಆ ನಾಲ್ಕನೆಯ ಸ್ವಿಚ್ ಕಿಟ್ ಡಬ್ಬಿಯಲ್ಲೇ ಇತ್ತು. ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚಿರಲಿಲ್ಲ. ಗ್ಯಾರೇಜಿನವರು ಅದು ಬೇಕಾಗುವುದಿಲ್ಲ ಅಂದರಂತೆ. ಇವನು, "ಅಕ್ಕನೂ ನೋಡ್ಯಾಳ" ಅಂದುಕೊಂಡನಂತೆ.

ಕಾಕು ಬೈಯಲಿಲ್ಲ. ಸಂಜೆ ನಾನು ಹೋದಾಗ ಚಹಾ ಕೊಟ್ಟರು. ಆಮೇಲೆ ಮೆತ್ತಗೆ, "ನೀ ನೋಡಿ ಹೂಂ ಅಂದಿ ಅಂತ ಹೇಳ್ಯಾನ ಅವ. ಖರೇ ಏನು?" ಎಂದು ಕೇಳಿದರು. ನಾನು ಹೌದು ಅಂದೆ. ಅದಕ್ಕಿಂತ ಕಷ್ಟದ ಪ್ರಶ್ನೆ ನನಗೆ ಎಂಟೆಕ್ ವೈವಾದಲ್ಲೂ ಬಂದಿರಲಿಲ್ಲ.

ರಿಪೇರಿ ಖರ್ಚನ್ನು ಅವನೂ ನಾನೂ ಹಂಚಿಕೊಂಡೆವು. ರೇಸಿನಲ್ಲಿ ಆದ ಹಾನಿಗೆ ವಿಮೆ ಇರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹೇಳಿತು. ರಸ್ತೆಯ ಮೇಲೆ ಓಡಿಸುವ ಕಾರಿಗೆ ಈ ಆಟ ಬೇಡವೇ ಬೇಡ. ಇನ್ನೊಂದು ಮಾತು. ನಗೆ ಅನಿಲ ಎಂಬ ಹೆಸರು ಕೇಳಿ ಹುಡುಗರು ಬಾಟಲಿಯಿಂದ ಉಸಿರಾಡಲು ಹೋಗುವುದುಂಟು. ಆಸ್ಪತ್ರೆಯಲ್ಲಿ ಆಕ್ಸಿಜನ್ ಬೆರೆಸಿ, ಪಕ್ಕದಲ್ಲಿ ಡಾಕ್ಟರು ನಿಂತು ಕೊಡುತ್ತಾರೆ. ಬರೀ ನೈಟ್ರಸ್ ಎಳೆದುಕೊಂಡರೆ ಉಸಿರುಕಟ್ಟಿ ಜೀವ ಹೋಗಬಹುದು. ಪದೇ ಪದೇ ಎಳೆದುಕೊಂಡರೆ ದೇಹದ ಬಿ12 ವಿಟಮಿನ್ ಕೆಲಸಕ್ಕೆ ಬಾರದಾಗಿ ನರಗಳು ಕೆಡುತ್ತವೆ.

ಇಲ್ಲಿರುವ ಎಷ್ಟೋ ಜನರ ಮನೆಯಲ್ಲಿ ಬೆಳೆದ ಗಂಡು ಮಕ್ಕಳಿದ್ದಾರೆ, ಕಾರು ಹುಚ್ಚಿನ ಹೆಣ್ಣು ಮಕ್ಕಳೂ ಇದ್ದಾರೆ. ಅವರು ಬಂದು ನೈಟ್ರಸ್, ಟ್ಯೂನಿಂಗ್ ಎಂದರೆ "ನಮಗೇನು ತಿಳೀತದ" ಎಂದು ಸುಮ್ಮನಾಗಬೇಡಿ. ಬೈದು ಕಳಿಸಲೂ ಬೇಡಿ, ಬೈದರೆ ಹೇಳದೇ ಮಾಡುತ್ತಾರೆ. ಮೂರು ಪ್ರಶ್ನೆ ಕೇಳಿ. ಹೆಚ್ಚಿನ ಪೆಟ್ರೋಲ್ ಎಲ್ಲಿಂದ ಬರುತ್ತದೆ? ಅದು ಬಾರದೇ ಹೋದರೆ ನೈಟ್ರಸ್ಸನ್ನು ಯಾರು ನಿಲ್ಲಿಸುತ್ತಾರೆ? ಅದನ್ನು ಪರೀಕ್ಷೆ ಮಾಡಿ ನೋಡಿದ್ದೀಯಾ? ಈ ಮೂರನ್ನು ಕೇಳಲು ಎಂಟೆಕ್ ಬೇಕಾಗಿಲ್ಲ. ಎಂಟೆಕ್ ಆದವಳು ಕೇಳಲಿಲ್ಲ, ನೋಡಿದಿರಲ್ಲ.

ಆ ಹುಡುಗ ಈಗ ಒಂದು ಗ್ಯಾರೇಜಿನಲ್ಲಿ ಶನಿವಾರ ಕೆಲಸ ಕಲಿಯುತ್ತಾನೆ. ಹೋದ ವಾರ ಮತ್ತೆ ಒಂದು ಫೋಟೊ ಕಳಿಸಿದ. ಪೆಟ್ರೋಲ್ ಒತ್ತಡ ಅಳೆಯುವ ಮೀಟರ್. "ಅಕ್ಕಾ, ಇದನ್ನ ಹೆಂಗ ಓದೋದು?" ನಾನು ಹೆಬ್ಬೆರಳು ಕಳಿಸಲಿಲ್ಲ. ಮೀಟಿಂಗ್ ಬಿಟ್ಟು ಹೊರಗೆ ಬಂದು ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಮಾತಾಡಿದೆವು.

ಕಾಕು ಇವತ್ತು ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಬಂದದ್ದು ಅದೇ ಕಾರಿನಲ್ಲಿ. ಈ ವಿಷಯ ಹೇಳಲು ಅವರ ಒಪ್ಪಿಗೆ ಕೇಳಿದಾಗ, "ಹೇಳು, ನಾಕ ಮಂದಿಗೆ ತಿಳೀಲಿ" ಅಂದರು.  ಈಗ ಚಹಾ ಬರಲಿ.